ಹೊಳೆ ಕೆಳಗೆ ಹರಿಯುವ ನಕ್ಷೆ

"ಎಂತದು ಮಾರಾಯ, ಕಾಸರಗೋಡು ಅಡ್ಡ ಮಲಗಿದೆಯಲ್ಲ!" ನಾನು ಬಿಡಿಸಿ ಮಾರುತ್ತಿರುವ ಕಾಸರಗೋಡಿನ ನಕ್ಷೆಯ ಮೊದಲ ಸ್ಕೆಚ್ ನೋಡಿ ಸ್ನೇಹಿತ ಹೇಳಿದ್ದು ಇಷ್ಟೇ. ಅವನೂ ಡಿಸೈನರ್. ನಕ್ಷೆ ಅಂದ್ರೆ ಉತ್ತರ ಮೇಲೆ ಇರಬೇಕು, ಇಲ್ಲದಿದ್ದರೆ ಒಂದು ಪ್ರತಿಯೂ ಹೋಗಲ್ಲ ಅಂತ ಅವನ ಲೆಕ್ಕ. ಈಗ 500ರಲ್ಲಿ ಸುಮಾರು 350 ಪ್ರತಿ ಹೋಗಿದೆ. ಅವನೂ ಒಂದು ತಗೊಂಡ, ದುಡ್ಡು ಕೊಟ್ಟೇ. ಹಾಗಾಗಿ ಬರೀತಾ ಇದ್ದೇನೆ.

ಮೊದಲು ಸೋತ ಕಥೆ. ಎರಡು ವರ್ಷದ ಹಿಂದೆ ನಾನೂ ಎಲ್ಲರ ಹಾಗೆ ಪಿಂಟರೆಸ್ಟ್‌ನಲ್ಲಿ ಬೋರ್ಡ್ ಮಾಡಿ ಕೂತೆ. 400ಕ್ಕೂ ಜಾಸ್ತಿ ಚಿತ್ರ. ಪ್ಯಾರಿಸ್‌ನ ಕೆಫೆ ನಕ್ಷೆ, ಜಪಾನಿನ ರೈಲು ನಕ್ಷೆ, ಮಕ್ಕಳ ಕಥೆಯ ನಿಧಿ ನಕ್ಷೆ. ಎಲ್ಲದರಿಂದ ಸ್ವಲ್ಪ ಸ್ವಲ್ಪ ಎತ್ತಿ ಬೇಕಲ ಕೋಟೆ, ತೆಂಗಿನ ಮರ, ದೋಣಿ, ಯಕ್ಷಗಾನದ ಕಿರೀಟ ಅಂಟಿಸಿದೆ. ಊರ ಹೆಸರುಗಳನ್ನು ಇಂಗ್ಲಿಷ್ ಡೇಟಾದಿಂದ ತೆಗೆದು ಮೆಷಿನ್‌ನಲ್ಲೇ ಕನ್ನಡಕ್ಕೆ ತಿರುಗಿಸಿದೆ. ಬದಿಯಡ್ಕ ಹೋಗಿ "ಬಡಿಯಡ್ಕ" ಆಯ್ತು. ಮುಳ್ಳೇರಿಯ "ಮುಲ್ಲೇರಿಯಾ" ಆಯ್ತು. ಅದನ್ನು ನೋಡದೆ 60 ಪ್ರತಿ ಡಿಜಿಟಲ್ ಪ್ರಿಂಟ್ ಹಾಕಿಸಿದೆ, ಒಂದಕ್ಕೆ 140 ರೂಪಾಯಿ. ಎಂಟು ಸಾವಿರ ಚಿಲ್ಲರೆ ನೀರಿಗೆ. ಮಾರಿದ್ದು ಏಳು, ಅದರಲ್ಲಿ ನಾಲ್ಕು ಸಂಬಂಧಿಕರಿಗೆ. ದೊಡ್ಡಪ್ಪ ಕನ್ನಡಕ ಏರಿಸಿ ನೋಡಿ, "ಚಂದ ಉಂಟು. ಯಾವ ಊರು ಇದು?" ಅಂದರು. ಅದು ತಮಾಷೆಯಾ ಅಲ್ವಾ ಅಂತ ಇವತ್ತಿಗೂ ಗೊತ್ತಾಗಿಲ್ಲ.

ದಾರಿ ತೋರಿಸಿದ್ದು ಅಟ್ಟದ ಮೇಲಿದ್ದ ತಗಡಿನ ಪೆಟ್ಟಿಗೆ. ಅಮ್ಮ ಹಳೆ ಹೇಳಿಕೆ ಕಾಗದಗಳನ್ನು, ಅಂದರೆ ಆಮಂತ್ರಣ ಪತ್ರಿಕೆಗಳನ್ನು, ಬಿಸಾಡುವುದಿಲ್ಲ. ಮದುವೆ, ಉಪನಯನ, ಗೃಹಪ್ರವೇಶ, ಬ್ರಹ್ಮಕಲಶ, ಎಲ್ಲ ಸೇರಿ ಒಂದು ಕಟ್ಟು. ನಮ್ಮಲ್ಲಿ ಮನೆಗಳು ಒಳಗೊಳಗೆ ಇರುವುದಲ್ವಾ, ತುಂಬಾ ಕಾಗದಗಳ ಹಿಂದೆ ದಾರಿಯ ಚಿಕ್ಕ ನಕ್ಷೆ ಇರುತ್ತದೆ. ಪ್ರೆಸ್ಸಿನವನೋ ಮನೆಯವರೋ ಸ್ಕೇಲ್ ಹಿಡಿದು ಎಳೆದದ್ದು. ಅಕ್ಕಪಕ್ಕದ ಮನೆಗಳಿಂದಲೂ ಬೇಡಿ ತಂದೆ. ಒಟ್ಟು 120 ಆಗಿರಬಹುದು. ಹೆಸರು, ಫೋನ್ ನಂಬರ್ ಇದ್ದ ಭಾಗ ಕತ್ತರಿಸಿ ವಾಪಸ್ ಕೊಟ್ಟು, ನಕ್ಷೆ ಮಾತ್ರ ಇಟ್ಟುಕೊಂಡೆ.

ಅವನ್ನೆಲ್ಲ ಚಾವಡಿಯ ನೆಲದ ಮೇಲೆ ಹರಡಿದಾಗ ಮಜಾ ಕಂಡಿತು. ಉತ್ತರದ ಬಾಣ ಇದ್ದದ್ದು ಹತ್ತೋ ಹನ್ನೊಂದೋ. ಉಳಿದವರು ಪೇಟೆಯನ್ನು ಕೆಳಗೆ ಹಾಕಿದ್ದಾರೆ, ಮನೆಯನ್ನು ಮೇಲೆ. ಪೇಟೆ ಅಂದ್ರೆ ಕುಂಬಳೆ, ಉಪ್ಪಳ, ಕಾಸರಗೋಡು. ಎಲ್ಲ ಕಡಲ ಬದಿಗೆ. ಮನೆ ಅಂದ್ರೆ ಗುಡ್ಡದ ಬದಿಗೆ. ಅಂದರೆ ನಮ್ಮ ಜನ ಗೊತ್ತಿಲ್ಲದೆಯೇ ಮೂಡು ದಿಕ್ಕನ್ನು ಮೇಲೆ ಇಟ್ಟಿದ್ದರು. ಗುರುತಿಗೆ ಹಾಕಿದ್ದೂ ಕೋಟೆಯೋ ಕಿರೀಟವೋ ಅಲ್ಲ. ಅಶ್ವತ್ಥಕಟ್ಟೆ, ಭಜನಾ ಮಂದಿರ, ರೇಷನ್ ಅಂಗಡಿ, ತೋಡು, ಅಡಿಕೆ ಮರದ ಸಂಕ (ಕಾಲುಸೇತುವೆ). ಒಂದರಲ್ಲಿ "ಇಲ್ಲಿ ಜೀಪು ನಿಲ್ಲುತ್ತದೆ" ಅಂತ ಬರೆದು ಬಾಣ ಹಾಕಿದ್ದರು. ಆ ಸಾಲು ನನ್ನ ನಕ್ಷೆಯಲ್ಲೂ ಇದೆ, ಎಲ್ಲಿ ಅಂತ ಹುಡುಕಿಕೊಳ್ಳಿ.

ಟೋಪೋಶೀಟ್, ಅಂದರೆ ಎತ್ತರ ತಗ್ಗು ಎಲ್ಲ ತೋರಿಸುವ ಸರ್ವೆ ನಕ್ಷೆ, ತೆಗೆದು 90 ಡಿಗ್ರಿ ತಿರುಗಿಸಿದೆ. ಕಡಲು ಕೆಳಗೆ, ಗುಡ್ಡ ಮೇಲೆ. ಮಂಜೇಶ್ವರ, ಉಪ್ಪಳ, ಶಿರಿಯ, ಮೊಗ್ರಾಲ್, ಚಂದ್ರಗಿರಿ, ಎಲ್ಲ ಹೊಳೆ ಹಾಳೆಯ ಮೇಲಿಂದ ಕೆಳಗೆ ಹರಿಯತೊಡಗಿದವು. ನೀರು ಕೆಳಗೆ ತಾನೇ ಹರಿಯಬೇಕು? ಎಡದಿಂದ ಬಲಕ್ಕೆ ಓದಿದರೆ ಮಂಜೇಶ್ವರ, ಉಪ್ಪಳ, ಕುಂಬಳೆ, ಕಾಸರಗೋಡು. ಮಂಗಳೂರಿಂದ ರೈಲಿನಲ್ಲಿ ಬರುವಾಗ ಸಿಗುವ ಕ್ರಮವೇ. 16 ಕಿ.ಮೀ. ಉದ್ದದ ಮಂಜೇಶ್ವರ ಹೊಳೆ ಒಂದು ತುದಿಗೆ, 105 ಕಿ.ಮೀ.ನ ಚಂದ್ರಗಿರಿ ಇನ್ನೊಂದು ತುದಿಗೆ. ಕಂಪೋಸಿಷನ್ ತಾನಾಗಿ ಕೂತಿತು. ಹಾಗಂತ ಇದೇನು ನಾನು ಕಂಡುಹಿಡಿದದ್ದಲ್ಲ. ಯುರೋಪಿನವರ ಹಳೆ ಕಾಲದ ನಕ್ಷೆಗಳಲ್ಲೂ ಪೂರ್ವ ಮೇಲಿತ್ತು. 1154ರಲ್ಲಿ ಅರಬ್ ನಕ್ಷೆಗಾರ ಅಲ್ ಇದ್ರೀಸಿ ದಕ್ಷಿಣವನ್ನೇ ಮೇಲಿಟ್ಟಿದ್ದ. ಸ್ನೇಹಿತನಿಗೆ ಇದನ್ನು ಹೇಳಿದೆ. "ಅವನಿಗೆ ಕಸ್ಟಮರ್ ಇರ್ಲಿಲ್ಲ" ಅಂದ.

ಚಂದ್ರಗಿರಿಗೇ ಯಾಕೆ ನಿಲ್ಲಿಸಿದೆ ಅಂತ ಕೇಳುವವರು ಇದ್ದಾರೆ. ಕರ್ನಾಟಕ-ಕೇರಳ ಗಡಿಗೆ 1967ರ ಮಹಾಜನ ವರದಿ ಹೇಳಿದ ಗೆರೆಯೂ ಅದೇ ಹೊಳೆ, ಅದಕ್ಕಾ ಅಂತ. ಅಲ್ಲ ಮಾರಾಯ್ರೆ. ಎ2 ಹಾಳೆ ಅಲ್ಲಿಗೆ ಮುಗಿಯಿತು. ಒಂದು ಸೆಂ.ಮೀ.ಗೆ ಮುಕ್ಕಾಲು ಕಿ.ಮೀ. ಹತ್ತಿರ ಇಟ್ಟಿದ್ದೆ, ಅದಕ್ಕಿಂತ ಕುಗ್ಗಿಸಿದರೆ ಹೆಸರು ಓದಲಿಕ್ಕೆ ಆಗುವುದಿಲ್ಲ.

ಟೋಪೋಶೀಟ್ ಇಟ್ಟುಕೊಂಡು ಬೇಸ್ ನಕ್ಷೆ ಮಾಡುವವರಿಗೆ ಒಂದು ಎಚ್ಚರಿಕೆ. ಕಾಸರಗೋಡು ಪೇಟೆ ಇರುವುದು 75 ಡಿಗ್ರಿ ರೇಖಾಂಶ, 12.5 ಡಿಗ್ರಿ ಅಕ್ಷಾಂಶ ಸೇರುವ ಜಾಗದ ಹತ್ತಿರ. ಅಂದರೆ ನಾಲ್ಕು ಶೀಟುಗಳ ಮೂಲೆ ನಮ್ಮ ಪೇಟೆಯಲ್ಲೇ ಕೂಡುತ್ತದೆ. ಶೀಟ್ ನಂಬರ್ 48 ಎಲ್/14, ಎಲ್/15, 48 ಪಿ/2, ಪಿ/3. ನಾನು ಒಂದೇ ಶೀಟಿನಲ್ಲಿ ಸಿಗುತ್ತದೆ ಅಂದುಕೊಂಡು ಎರಡು ದಿನ ಹಾಳು ಮಾಡಿದೆ. ಹೆದ್ದಾರಿಯನ್ನು ಕೊನೆಗೆ ಸಪೂರ ಗೆರೆ ಮಾಡಿಬಿಟ್ಟೆ. ಷಟ್ಪಥದ ಕೆಲಸ ನಡೀತಾ ಇದ್ದಾಗ ಇವತ್ತು ಬರೆದ ಜಂಕ್ಷನ್ ನಾಳೆ ಅಲ್ಲಿ ಇರುತ್ತಿರಲಿಲ್ಲ.

ಬಣ್ಣದ ಐಡಿಯಾ ಬಂದದ್ದು ಬೇರೆ ಕಡೆಯಿಂದ. ಹಳೆ ಜಾಗದ ಕಾಗದ ನೋಡಿದವರಿಗೆ ಗೊತ್ತು, ನಮ್ಮಲ್ಲಿ ಗದ್ದೆ ಮೂರು ಥರ. ತಗ್ಗಿನ, ನೀರು ನಿಲ್ಲುವ ಗದ್ದೆ ಬೈಲು. ನಡುವಿನದು ಮಜಲು. ಮೇಲಿನ, ಮಳೆ ನಂಬಿದ ಒಂದೇ ಬೆಳೆಯದ್ದು ಬೆಟ್ಟು. ಅದರ ಮೇಲೆ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಬಯಲು, ಅದು ಅಡ್ಕ. ಬದಿಯಡ್ಕ, ಉಕ್ಕಿನಡ್ಕ, ಧರ್ಮತ್ತಡ್ಕ, ಊರ ಹೆಸರಲ್ಲೇ ಬಣ್ಣ ಬರೆದಿದೆ! ಎತ್ತರ ತೋರಿಸುವ ಕಾಂಟೂರ್ ಗೆರೆಗಳನ್ನೆಲ್ಲ ಕಿತ್ತು ಹಾಕಿ ಈ ನಾಲ್ಕು ಬಣ್ಣಕ್ಕೆ ಇಳಿಸಿದೆ. ಹೆಸರಿನ ಕೊನೆ ನೋಡಿ ಬಣ್ಣ ತುಂಬುತ್ತಾ ಹೋದೆ, ಆಮೇಲೆ ಟೋಪೋಶೀಟ್ ಜೊತೆ ತಾಳೆ ನೋಡಿದೆ. ಹತ್ತರಲ್ಲಿ ಏಳೆಂಟು ಸರಿ ಕೂತಿತು.

ಅಡ್ಕದ ಕೆಂಪಿಗೆ ನಿಜವಾದ ಮುರಕಲ್ಲನ್ನೇ ಕುಟ್ಟಿ, ಗೋಂದು ಕಲಸಿ, ಹಾಳೆಗೆ ಬಳಿದು ಸ್ಕ್ಯಾನ್ ಮಾಡಿದೆ. ಆರು ಸಲ ಒಡೆದು ಉದುರಿತು. ಏಳನೇ ಸಲಕ್ಕೆ ಒಂದು ಸಾಮಾನು ಸೇರಿಸಿದೆ, ನಿಂತಿತು. ಅದು ಏನು ಅಂತ ಹೇಳುವುದಿಲ್ಲ, ಅಡುಗೆಮನೆಯಲ್ಲಿ ಸಿಗುತ್ತದೆ. ಅದೇ ಹುಮ್ಮಸ್ಸಿನಲ್ಲಿ ಅಡಿಕೆ ಹಾಳೆಯ ಮೇಲೆ ನಕ್ಷೆ ಅಚ್ಚು ಹಾಕಲಿಕ್ಕೂ ಹೋದೆ. ಇಂಕು ನಾರಿನ ಉದ್ದಕ್ಕೆ ಓಡಿತು, ಒಣಗಿದ ಮೇಲೆ ಹಾಳೆ ಮುರುಟಿತು. ಒಂದೂವರೆ ಸಾವಿರ ಹೋಯಿತು. ಆದರೆ ಆ ಇಂಕು ಓಡಿದ ರೀತಿ ನೋಡಿಯೇ ಹೊಳೆಗಳ ಅಂಚು ಬಿಡಿಸಿದ್ದು, ಹಾಗಾಗಿ ಪೂರ್ತಿ ನಷ್ಟ ಅಲ್ಲ.

ಸುರಂಗದ ಗುರುತಿಗೆ ತುಂಬಾ ತಲೆ ಕೆಡಿಸಿಕೊಂಡೆ. ಬಾಯಾರು, ಪೈವಳಿಕೆ, ಎಣ್ಮಕಜೆ ಕಡೆ ಗುಡ್ಡ ಕೊರೆದು ನೀರು ತರುವ ಸುರಂಗ ಎಷ್ಟೊಂದು ಉಂಟು. ನೆಲದ ಒಳಗಿನದ್ದನ್ನು ನೆಲದ ಮೇಲಿನ ಚಿತ್ರದಲ್ಲಿ ತೋರಿಸುವುದು ಹೇಗೆ? ಗುದ್ದಲಿ ಬಿಡಿಸಿದೆ, ಬಾವಿ ಥರ ಕಂಡಿತು. ಕೊನೆಗೆ ಒಬ್ಬ ಅಜ್ಜನ ಜೊತೆ ಟಾರ್ಚ್ ಹಿಡಿದು ಒಳಗೇ ಹೋದೆ. ಬಗ್ಗಿ ನಡೆಯಬೇಕು, ಎರಡೂ ಭುಜಕ್ಕೆ ಮಣ್ಣು ತಾಗುತ್ತದೆ, ಕಾಲಡಿ ನೀರು. ಹಿಂತಿರುಗಿ ನೋಡಿದರೆ ದೂರದಲ್ಲಿ ಬಾಯಿ, ಹಸುರು ಬೆಳಕಿನ ಒಂದು ಬೊಟ್ಟು. ಅದೇ ಗುರುತು ಆಯ್ತು, ಕಪ್ಪು ಗೀಟಿನ ತುದಿಗೆ ಹಸುರು ಬೊಟ್ಟು. ಯಾರೂ ಇದೇನು ಅಂತ ಕೇಳಿಲ್ಲ.

ಕನ್ನಡ ಅಕ್ಷರದ ವಿಷಯ ಡಿಸೈನರ್‌ಗಳಿಗೆ ಗೊತ್ತೇ ಇದೆ, ಅಡೋಬಿ ಸಾಫ್ಟ್‌ವೇರ್‌ನಲ್ಲಿ ವರ್ಲ್ಡ್ ರೆಡಿ ಕಂಪೋಸರ್ ಅನ್ನುವ ಸೆಟ್ಟಿಂಗ್ ಆನ್ ಮಾಡದಿದ್ದರೆ ಒತ್ತು ಓಡಿಹೋಗುತ್ತದೆ. ಹೊಳೆಯ ಬಳುಕಿಗೆ ಹೆಸರು ಕೂರಿಸಿದರೆ ಆನ್ ಮಾಡಿದರೂ ತೊಂದರೆ. ನಾನು ಹೇಗೆ ಸರಿ ಮಾಡಿದೆ ಅನ್ನುವುದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ದಿಕ್ಕಿಗೆ ಎನ್, ಎಸ್ ಹಾಕಲಿಲ್ಲ. ಮೂಡು, ಪಡು, ಬಡಗು, ತೆಂಕು. ಕೊನೆಯ ಎರಡು ಯಕ್ಷಗಾನದ ತಿಟ್ಟುಗಳ ಹೆಸರೂ ಹೌದಲ್ವಾ, ಯಕ್ಷಗಾನದವರಿಗೆ ಅವನ್ನು ನೋಡಿ ಖುಷಿಯೋ ಖುಷಿ.

ಈ ಸಲ 500 ಪ್ರತಿ ಆಫ್‌ಸೆಟ್, ಪ್ಲೇಟ್ ಸೇರಿ 20 ಸಾವಿರದ ಹತ್ತಿರ. ಮಾರಿದ್ದು 200ಕ್ಕೆ. ಅಂಗಡಿಗಳ ಕಮಿಷನ್ ಕಳೆದು 50 ಸಾವಿರ ಕೈಗೆ ಬಂದಿರಬಹುದು, ಪೆಟ್ರೋಲ್ ಲೆಕ್ಕ ಇಟ್ಟಿಲ್ಲ. ಜಾಸ್ತಿ ಹೋದದ್ದು ಹೊಸ ಮನೆ ಒಕ್ಕಲಿನ ಉಡುಗೊರೆಗೆ, ಇದನ್ನು ನಾನು ಅಂದಾಜು ಮಾಡಿರಲಿಲ್ಲ.

ಮೊನ್ನೆ ದೊಡ್ಡಪ್ಪ ಪುನಃ ಕನ್ನಡಕ ಏರಿಸಿದರು. ಈ ಸಲ ಊರು ಯಾವುದು ಅಂತ ಕೇಳಲಿಲ್ಲ. ನಮ್ಮ ಮನೆ ಕೆಳಗಿನ ಜಾಗಕ್ಕೆ ಬೆರಳಿಟ್ಟು, "ಇದು ಬೈಲು ಅಲ್ಲ, ಮಜಲು. ಹಸುರು ಕಮ್ಮಿ ಮಾಡು" ಅಂದರು. ಎರಡನೇ ಪ್ರಿಂಟಿಗೆ ಸರಿ ಮಾಡಬೇಕಾದ ಪಟ್ಟಿಯಲ್ಲಿ ಅದು ಆರನೆಯದು.