ಹಿಮದ ನಾಡಿನಲ್ಲಿ ಚಳಿಗಾಲದ ಓಟ: ಏನನ್ನು, ಎಲ್ಲಿ, ಯಾವಾಗ ಕೊಳ್ಳಬೇಕು?

ದಾವಣಗೆರೆಯ ಜಿಲ್ಲಾ ಕ್ರೀಡಾಂಗಣದಲ್ಲೋ ಕುಂದುವಾಡ ಕೆರೆಯ ಏರಿಯ ಮೇಲೋ ಚಿತ್ರದುರ್ಗದ ಜೋಗಿಮಟ್ಟಿಯ ಏರುದಾರಿಯಲ್ಲೋ ಬೆಳಗಿನ ಓಟವನ್ನು ರೂಢಿಸಿಕೊಂಡವರು ಓದಿಗೆ ಅಥವಾ ಕೆಲಸಕ್ಕೆ ಜರ್ಮನಿ, ಫಿನ್ಲೆಂಡ್, ಕೆನಡಾದಂತಹ ದೇಶಗಳಿಗೆ ಹೊರಟಾಗ, ಚಳಿಗಾಲದ ಓಟಕ್ಕೆ ಏನೇನು ಬೇಕು, ಅದನ್ನು ಇಲ್ಲೇ ಕೊಳ್ಳಬೇಕೋ ಅಲ್ಲಿಗೆ ಹೋದ ಮೇಲೆ ಕೊಳ್ಳಬೇಕೋ ಎಂಬ ಗೊಂದಲಕ್ಕೆ ಬೀಳುತ್ತಾರೆ. ಬಹಳಷ್ಟು ಜನ ಮೊದಲು ದುಬಾರಿ ವಾಚನ್ನೂ ಆಮೇಲೆ ದಪ್ಪನೆಯ ಜರ್ಕಿನ್ನನ್ನೂ ಕೊಂಡು, ಶೂಗಳ ವಿಷಯಕ್ಕೆ ಬರುವಷ್ಟರಲ್ಲಿ ಕೈ ಬರಿದು ಮಾಡಿಕೊಂಡಿರುತ್ತಾರೆ. ದೀಪದ ನೆನಪಂತೂ ಬರುವುದೇ ಇಲ್ಲ. ಈ ಕ್ರಮವನ್ನು ತಲೆಕೆಳಗು ಮಾಡಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಜಾರಿ ಬೀಳದಂತೆ ಕಾಯುವ ಶೂ ಮೊದಲು, ಕತ್ತಲಲ್ಲಿ ವಾಹನ ಚಾಲಕರಿಗೆ ನಿಮ್ಮನ್ನು ಕಾಣಿಸುವ ದೀಪ ಮತ್ತು ಪ್ರತಿಫಲಕ ಪಟ್ಟಿ ಅದರ ನಂತರ, ಬೆವರನ್ನೂ ಗಾಳಿಯನ್ನೂ ನಿಭಾಯಿಸುವ ತೆಳುವಾದ ಬಟ್ಟೆಗಳು ಆಮೇಲೆ. ಗ್ಯಾಜೆಟ್‌ಗಳ ಸರದಿ ಬರುವುದು ಇವೆಲ್ಲ ಮುಗಿದ ಮೇಲೆ.

ಊರಿನಿಂದ ಕೊಂಡೊಯ್ಯಬೇಕಾದದ್ದು ಬಹಳ ಕಡಿಮೆ. ಕಾಲಿಗೆ ಹೊಂದಿಕೊಂಡಿರುವ ಒಂದು ಜೊತೆ ಶೂ, ಬೇಗ ಒಣಗುವ ಪಾಲಿಯೆಸ್ಟರ್ ಟೀ ಶರ್ಟುಗಳು, ಚಡ್ಡಿಗಳು, ತೆಳುವಾದ ಕಾಲುಚೀಲಗಳು ಸಾಕು. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಅಲ್ಲಿಗೆ ಇಳಿದವರಿಗೆ ಮೊದಲ ಕೆಲವು ವಾರಗಳು ಇವುಗಳಲ್ಲೇ ಕಳೆಯುತ್ತವೆ. ಅಷ್ಟರಲ್ಲಿ ಆ ಊರಿನ ಗಾಳಿ, ತೇವ, ರಸ್ತೆಗಳ ಸ್ವಭಾವ ತಿಳಿಯುತ್ತದೆ. ದಾವಣಗೆರೆಯ ಚೌಕಿಪೇಟೆಯ ಅಂಗಡಿಗಳಲ್ಲಿ ಸಿಗುವ ಥರ್ಮಲ್ ಒಳಉಡುಪುಗಳನ್ನು ಕೊಳ್ಳುವುದಾದರೆ ಒಳಗೆ ಹೊಲಿದಿರುವ ಚೀಟಿಯನ್ನು ಓದಿ ಕೊಳ್ಳಿ. ಹತ್ತಿ ಬೆರೆತಿದ್ದರೆ ಅದು ಮನೆಯಲ್ಲಿ ತೊಡಲು, ರಾತ್ರಿ ಮಲಗಲು ಒಳ್ಳೆಯದು, ಓಟಕ್ಕೆ ಅಲ್ಲ.

ಶೂಗಳನ್ನು ಆಯ್ಕೆ ಮಾಡುವ ಮೊದಲು ನೀವು ಓಡುವ ರಸ್ತೆಯ ಮೇಲೆ ಏನಿರುತ್ತದೆ ಎಂಬುದನ್ನು ನೋಡಿಕೊಳ್ಳಬೇಕು. ಆಗತಾನೇ ಬಿದ್ದ ಹಿಮದಲ್ಲಿ ಆಳವಾದ ರಬ್ಬರ್ ಹಲ್ಲುಗಳಿರುವ, ಕಾಡುದಾರಿಯ ಓಟಕ್ಕೆಂದೇ ಮಾಡಿದ ಟ್ರೇಲ್ ಶೂಗಳು ಚೆನ್ನಾಗಿ ಹಿಡಿಯುತ್ತವೆ. ಆದರೆ ಹಗಲು ಕರಗಿ ರಾತ್ರಿ ಮತ್ತೆ ಹೆಪ್ಪುಗಟ್ಟಿದ ನೀರಿನ ಮೇಲೆ ಯಾವ ರಬ್ಬರ್ ಕೂಡ ನಂಬಿಕೆಗೆ ಅರ್ಹವಲ್ಲ. ಅಲ್ಲಿ ಟಂಗ್‌ಸ್ಟನ್ ಕಾರ್ಬೈಡ್ ಎಂಬ ಬಲು ಗಟ್ಟಿ ವಸ್ತುವಿನ ಸಣ್ಣ ಮೊಳೆಗಳಿರುವ ಶೂ ಬೇಕು, ಇಲ್ಲವೇ ಇರುವ ಶೂಗಳ ಮೇಲೆಯೇ ಎಳೆದು ತೊಡಿಸುವ ಮೊಳೆಪಟ್ಟಿ ಬೇಕು. ರಸ್ತೆಗಳಿಗೆ ಬೇಗನೆ ಉಪ್ಪು ಹಾಕಿ ಹಿಮ ತೆಗೆಯುವ ಜರ್ಮನಿಯ ನಗರಗಳಲ್ಲಿ ಇಂತಹ ದಿನಗಳು ಕಡಿಮೆಯಾದ್ದರಿಂದ ಬೇಕೆಂದಾಗ ಬಿಚ್ಚಿಡಬಹುದಾದ ಪಟ್ಟಿ ಸಾಕಾಗುತ್ತದೆ. ಫಿನ್ಲೆಂಡ್‌ನಲ್ಲಿ, ಸ್ವೀಡನ್ನಿನ ಉತ್ತರ ಭಾಗದಲ್ಲಿ, ಕೆನಡಾದ ಬಯಲುಸೀಮೆಯಲ್ಲಿ ತಿಂಗಳುಗಟ್ಟಲೆ ನೆಲ ಹೆಪ್ಪುಗಟ್ಟಿರುವುದರಿಂದ ಮೊಳೆಯ ಶೂಗಳಿಗೇ ಹಣ ಹಾಕುವುದು ಸರಿ. ಈ ಮೊಳೆಗಳು ಒಣ ಡಾಂಬರಿನ ಮೇಲೆ ಸವೆಯುತ್ತವೆ, ನಯವಾದ ಟೈಲ್ಸ್ ನೆಲದ ಮೇಲಂತೂ ಅವೇ ಜಾರಿಸುತ್ತವೆ ಎಂಬುದನ್ನು ರೈಲು ನಿಲ್ದಾಣದೊಳಗೆ ಹೆಜ್ಜೆ ಇಡುವಾಗ ಮರೆಯಬಾರದು. ನೀರು ತಡೆಯುವ ಗೋರ್‌ಟೆಕ್ಸ್ ಶೂಗಳು ಕರಗಿದ ಹಿಮದ ರಾಡಿಗೆ ಒಳ್ಳೆಯವೇ; ಆದರೆ ಕಾಲುಚೀಲದ ಮೇಲ್ಭಾಗದಿಂದ ಒಳಗಿಳಿದ ನೀರು ಅವುಗಳಿಂದ ಹೊರಗೆ ಹೋಗುವುದೂ ಕಷ್ಟ.

ಅಳತೆಯ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ನಾವು ಇಲ್ಲಿ ಬಳಸುವುದು ಬ್ರಿಟನ್ನಿನ ಸಂಖ್ಯೆ, ಯುರೋಪಿನದು ಬೇರೆ, ಅಮೆರಿಕ ಮತ್ತು ಕೆನಡಾದ್ದು ಇನ್ನೊಂದು, ಸಾಲದ್ದಕ್ಕೆ ಕಂಪನಿಯಿಂದ ಕಂಪನಿಗೆ ಅರ್ಧ ಸಂಖ್ಯೆಯ ವ್ಯತ್ಯಾಸ ಬರುತ್ತದೆ. ಆದ್ದರಿಂದ ಸಂಜೆಯ ಹೊತ್ತು ಪಾದದ ಉದ್ದವನ್ನು ಸೆಂಟಿಮೀಟರ್‌ನಲ್ಲಿ ಅಳೆದುಕೊಂಡು, ಶೂ ಪೆಟ್ಟಿಗೆಯ ಮೇಲೆ ಅಚ್ಚಾಗಿರುವ ಸೆಂಟಿಮೀಟರ್ ಅಂಕಿಯೊಂದಿಗೆ ಹೋಲಿಸಿ ನೋಡುವುದೇ ಸುರಕ್ಷಿತ. ಅಂಗಡಿಗೆ ಹೋಗುವಾಗ ಚಳಿಗಾಲದಲ್ಲಿ ತೊಡುವ ದಪ್ಪ ಕಾಲುಚೀಲಗಳನ್ನೇ ಹಾಕಿಕೊಂಡು ಹೋಗಿ. ಬೆರಳುಗಳು ಇಕ್ಕಟ್ಟಾದರೆ ರಕ್ತಸಂಚಾರ ಕುಂದಿ, ಎಷ್ಟೇ ಒಳ್ಳೆಯ ಉಣ್ಣೆಯ ಕಾಲುಚೀಲವಿದ್ದರೂ ಪಾದ ಮರಗಟ್ಟುತ್ತದೆ.

ಕತ್ತಲೆ ನಮ್ಮವರು ಊಹಿಸಿರದ ಸಂಗತಿ. ದಾವಣಗೆರೆಯಲ್ಲಿ ಡಿಸೆಂಬರ್‌ನ ಅತಿ ಚಿಕ್ಕ ಹಗಲೂ 11 ಗಂಟೆ ಮೀರುತ್ತದೆ; ಅದೇ ಹೊತ್ತಿಗೆ ಬರ್ಲಿನ್ನಿನಲ್ಲಿ ಹಗಲು 8 ಗಂಟೆಯೂ ಇರುವುದಿಲ್ಲ, ಹೆಲ್ಸಿಂಕಿಯಲ್ಲಿ 6 ಗಂಟೆಗೂ ಕಡಿಮೆ. ತರಗತಿಗೋ ಕಚೇರಿಗೋ ಹೋಗುವವರು ವಾರದ ದಿನಗಳಲ್ಲಿ ಓಡುವುದೆಲ್ಲ ಕತ್ತಲಲ್ಲೇ ಆಗುತ್ತದೆ. ಬೀದಿದೀಪವಿರುವ ಕಡೆ ಹಣೆಗೆ ಕಟ್ಟಿಕೊಳ್ಳುವ ಸಾಧಾರಣ ಹೆಡ್‌ಲ್ಯಾಂಪ್ ಸಾಕು. ಉದ್ಯಾನ, ಕಾಡುದಾರಿಗಳಲ್ಲಿ ಓಡುವವರು 200ರಿಂದ 400 ಲ್ಯೂಮೆನ್ (ದೀಪ ಕೊಡುವ ಬೆಳಕಿನ ಅಳತೆ) ಬೆಳಕಿನದನ್ನು ಆರಿಸಿಕೊಳ್ಳಬೇಕು. ಚಳಿಗೆ ಬ್ಯಾಟರಿಯ ಶಕ್ತಿ ಬೇಗ ಕುಗ್ಗುವುದರಿಂದ, ಕೊರೆಯುವ ಚಳಿಯ ಊರುಗಳಲ್ಲಿ ಇರುವವರು ಬ್ಯಾಟರಿಯನ್ನು ವೈರಿನ ಮೂಲಕ ಅಂಗಿಯೊಳಗೆ ಇಟ್ಟುಕೊಳ್ಳಬಹುದಾದ ಮಾದರಿಯನ್ನು ನೋಡುವುದು ಒಳಿತು. ಕಣ್ಣು ಕುಕ್ಕುವ ಹಳದಿ ಜಾಕೆಟ್ ತೊಟ್ಟರೆ ರಾತ್ರಿಯೂ ಕಾಣುತ್ತೇವೆ ಎಂದು ತಿಳಿಯಬಾರದು. ಆ ಬಣ್ಣ ಹೊಳೆಯುವುದು ಹಗಲಿನ ಮತ್ತು ಮುಸ್ಸಂಜೆಯ ಬೆಳಕಿನಲ್ಲಿರುವ ಅತಿನೇರಳೆ ಕಿರಣಗಳಿಂದ; ರಾತ್ರಿ ಕೆಲಸಕ್ಕೆ ಬರುವುದು ವಾಹನದ ಬೆಳಕನ್ನು ಬಂದ ದಿಕ್ಕಿಗೇ ಹಿಂದಿರುಗಿಸುವ ಬೂದುಬಣ್ಣದ ಪ್ರತಿಫಲಕ ಪಟ್ಟಿ. ಅದನ್ನು ಎದೆಗಿಂತ ಕಣಕಾಲಿಗೆ, ಮುಂಗೈಗೆ ಕಟ್ಟಿಕೊಂಡರೆ, ಚಲಿಸುವ ಆ ಬೆಳಕಿನಿಂದ ಎದುರಿಗಿರುವುದು ಮನುಷ್ಯ ಎಂಬುದು ಚಾಲಕನಿಗೆ ಬೇಗ ತಿಳಿಯುತ್ತದೆ. ಫಿನ್ಲೆಂಡ್‌ನಲ್ಲಿ ಕತ್ತಲಲ್ಲಿ ರಸ್ತೆಯಲ್ಲಿ ನಡೆಯುವವರು ಪ್ರತಿಫಲಕ ಧರಿಸಬೇಕೆಂದು ಸಂಚಾರ ಕಾನೂನೇ ಹೇಳುತ್ತದೆ. ಚಿಲ್ಲರೆ ಹಣಕ್ಕೆ ಸಿಗುವ ಈ ಪಟ್ಟಿಯನ್ನು ಅಲ್ಲಿಗೆ ತಲುಪಿದ ಮೊದಲ ವಾರದಲ್ಲೇ ಕೊಳ್ಳಿ.

ಇನ್ನು ಬಟ್ಟೆ. ಓಡುವವರನ್ನು ಕಾಡುವುದು ಚಳಿಗಿಂತ ಹೆಚ್ಚಾಗಿ ಅವರದೇ ಬೆವರು. ದಪ್ಪ ಜರ್ಕಿನ್ನಿನೊಳಗೆ ಒಂದೆರಡು ಕಿಲೋಮೀಟರ್‌ನಲ್ಲೇ ಬೆವರೊಡೆಯುತ್ತದೆ, ಹೊರಹೋಗಲು ದಾರಿಯಿಲ್ಲದೆ ಒಳಬಟ್ಟೆ ತೊಯ್ಯುತ್ತದೆ, ಸಿಗ್ನಲ್ ಬಳಿ ನಿಂತ ಕೂಡಲೇ ಆ ಒದ್ದೆ ಬಟ್ಟೆ ಮೈಯ ಬಿಸಿಯನ್ನೆಲ್ಲ ಹೀರತೊಡಗುತ್ತದೆ. ಹತ್ತಿ ಗಿರಣಿಗಳಿಂದ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡ ದಾವಣಗೆರೆಯವರಾದ ನಮಗೆ ಹತ್ತಿಯ ಮೇಲೆ ಮಮತೆ ಇರುವುದು ಸಹಜ. ಆದರೆ ನೀರನ್ನು ಹೀರಿ ಹಿಡಿದಿಟ್ಟುಕೊಳ್ಳುವ ಯಾವ ಗುಣ ನಮ್ಮ ಬೇಸಿಗೆಯಲ್ಲಿ ಹತ್ತಿಯನ್ನು ಹಿತವಾಗಿಸುತ್ತದೆಯೋ ಅದೇ ಗುಣ ಹಿಮದಲ್ಲಿ ಅಪಾಯಕ್ಕೆ ಕಾರಣವಾಗುತ್ತದೆ. ಉಣ್ಣೆಯ ರೀತಿ ಬೇರೆ. ಚಳ್ಳಕೆರೆ ಸೀಮೆಯ ಕುರಿಗಾಹಿಗಳು ಮಳೆಯಲ್ಲಿ ಕಂಬಳಿಯ ಕೊಪ್ಪೆ ಹಾಕಿಕೊಂಡು ನಿಲ್ಲುವುದನ್ನು ನೋಡಿದವರಿಗೆ, ನೆನೆದ ಉಣ್ಣೆಯೂ ಮೈಯನ್ನು ಬೆಚ್ಚಗಿಡುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊರದೇಶದ ಅಂಗಡಿಗಳಲ್ಲಿ ಸಿಗುವ, ಮೆರಿನೊ ಎಂಬ ಕುರಿತಳಿಯ ಉಣ್ಣೆಯ ಒಳಅಂಗಿಯೂ ಇದೇ ಗುಣದ್ದು; ಎಳೆಗಳು ತೀರ ಸಣ್ಣವಾದ್ದರಿಂದ ಚರ್ಮಕ್ಕೆ ಚುಚ್ಚುವುದಿಲ್ಲ, ವಾಸನೆಯನ್ನೂ ಬೇಗ ಹಿಡಿಯುವುದಿಲ್ಲ. ಚದರ ಮೀಟರಿಗೆ 150ರಿಂದ 200 ಗ್ರಾಂ ತೂಕದ ಬಟ್ಟೆ ಓಟಕ್ಕೆ ತಕ್ಕದ್ದು. ಬೆಲೆ ಹೆಚ್ಚೆನಿಸಿದರೆ ಮೈಗಂಟುವ ಪಾಲಿಯೆಸ್ಟರ್ ಒಳಅಂಗಿ ಸಾಕು. ಒಗೆದು ಬೇಗ ಒಣಗಿಸಬಹುದು.

ಥರ್ಮಾಮೀಟರ್ ತೋರಿಸುವುದಕ್ಕಿಂತ 10 ಡಿಗ್ರಿ ಹೆಚ್ಚು ಬೆಚ್ಚಗಿದೆ ಎಂದು ಭಾವಿಸಿ ಬಟ್ಟೆ ತೊಡಬೇಕು ಎಂಬುದು ಓಟಗಾರರ ರೂಢಿಯ ಲೆಕ್ಕ. ಮೊದಲ ಹತ್ತು ನಿಮಿಷ ಚಳಿಯೆನಿಸಿದರೆ ಸರಿಯಾಗಿ ತೊಟ್ಟಿದ್ದೀರಿ ಎಂದರ್ಥ. 5 ಡಿಗ್ರಿಯ ಹೊತ್ತಿಗೆ ಉದ್ದ ತೋಳಿನ ಒಂದೇ ಅಂಗಿ, ಕಾಲಿಗೆ ಅಂಟಿಕೊಳ್ಳುವ ಉದ್ದನೆಯ ಟೈಟ್ಸ್, ತೆಳು ಕೈಗವಸು ಸಾಕಾಗುತ್ತವೆ. ಸೊನ್ನೆಗಿಂತ ಕೆಳಗಿಳಿದಾಗ ಒಳಅಂಗಿಯ ಮೇಲೆ ಗಾಳಿ ತಡೆಯುವ ತೆಳುವಾದ ಜಾಕೆಟ್, ಕಿವಿ ಮುಚ್ಚುವ ಟೋಪಿ, ಕತ್ತಿಗೆ ತೊಡಿಸಿ ಬೇಕಾದಾಗ ಬಾಯಿಯವರೆಗೆ ಎಳೆದುಕೊಳ್ಳಬಹುದಾದ ಬಟ್ಟೆಯ ಕೊಳವೆ ಸೇರಬೇಕು. ಮೈನಸ್ 10ರ ಆಸುಪಾಸಿನಲ್ಲಿ ನಡುವೆ ಇನ್ನೊಂದು ಪದರ ಬೇಕಾಗುತ್ತದೆ. ಬೆರಳುಗಳು ಬಿಡಿಬಿಡಿಯಾಗಿರುವ ಕೈಗವಸಿಗಿಂತ ನಾಲ್ಕೂ ಬೆರಳು ಒಟ್ಟಿಗಿರುವ ಚೀಲದಂತಹ ಕೈಗವಸು ಆಗ ಹೆಚ್ಚು ಬೆಚ್ಚಗಿರುತ್ತದೆ. ಗಾಳಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು: ಮೈನಸ್ 10 ಡಿಗ್ರಿಯಲ್ಲಿ ಗಂಟೆಗೆ 30 ಕಿಲೋಮೀಟರ್ ವೇಗದ ಗಾಳಿ ಬೀಸಿದರೆ ತೆರೆದ ಚರ್ಮಕ್ಕೆ ಅದು ಮೈನಸ್ 20ರಂತೆ ತಟ್ಟುತ್ತದೆ. ಗಂಡಸರು ಮುಂಭಾಗದಲ್ಲಿ ಗಾಳಿ ತಡೆಯುವ ಪದರವಿರುವ ಒಳಚಡ್ಡಿಯನ್ನು ಸಂಕೋಚಪಡದೆ ಕೇಳಿ ಕೊಳ್ಳಬೇಕು. ಅಂಗಡಿಯವರಿಗೆ ಅದು ದಿನನಿತ್ಯದ ಮಾತು.

ವಾಚ್ ಕೊಳ್ಳುವವರು ಪರದೆಯ ಅಂದಕ್ಕಿಂತ ಗುಂಡಿಗಳನ್ನು ನೋಡಬೇಕು. ಕೈಗವಸು ತೊಟ್ಟಾಗ, ಪರದೆ ಒದ್ದೆಯಾದಾಗ ಮುಟ್ಟುಪರದೆಯನ್ನು ನಂಬುವಂತಿಲ್ಲ. ಮುಂಗೈಯಲ್ಲಿ ಹಸಿರು ಬೆಳಕು ಬಿಟ್ಟು ಹೃದಯಬಡಿತ ಅಳೆಯುವ ವಿಧಾನ ಚಳಿಯಲ್ಲಿ ಹಲವು ಬಾರಿ ತಪ್ಪುತ್ತದೆ, ಏಕೆಂದರೆ ದೇಹವು ಬಿಸಿಯನ್ನು ಉಳಿಸಿಕೊಳ್ಳಲು ಕೈಯ ರಕ್ತನಾಳಗಳನ್ನು ಕಿರಿದು ಮಾಡುತ್ತದೆ. ಅಂಗಿಯ ತೋಳಿನ ಬಟ್ಟೆಯ ಮೇಲೆ ವಾಚ್ ಕಟ್ಟಿಕೊಂಡರಂತೂ ಅಳತೆಯೇ ಸಿಗುವುದಿಲ್ಲ. ಬಡಿತವನ್ನು ನೋಡಿಕೊಂಡೇ ತರಬೇತಿ ಮಾಡುವವರು ಹೃದಯದ ವಿದ್ಯುತ್ ಸಂಕೇತವನ್ನು ಹಿಡಿಯುವ ಎದೆಪಟ್ಟಿಯನ್ನು ಕೊಳ್ಳಲಿ. ದುಬಾರಿ ವಾಚಿಗೆ ಹಾಕುವ ಹಣಕ್ಕಿಂತ ಸಾಧಾರಣ ವಾಚ್ ಮತ್ತು ಒಳ್ಳೆಯ ಎದೆಪಟ್ಟಿಗೆ ಹಾಕಿದ ಹಣ ಸಾರ್ಥಕ. ಫೋನನ್ನು ಹೊರಜೇಬಿನಲ್ಲಿ ಇಡಬೇಡಿ. ಐಫೋನ್‌ನ ಬಳಕೆಗೆ ಆಪಲ್ ಹೇಳುವ ಹವೆಯ ಮಿತಿಯೇ 0ಯಿಂದ 35 ಡಿಗ್ರಿ. ಓಟ ಮುಗಿಸಿ ಬಂದ ಕೂಡಲೇ ತಣ್ಣನೆಯ ಬ್ಯಾಟರಿಯನ್ನು ಚಾರ್ಜಿಗೆ ಹಾಕದೆ, ಕೋಣೆಯ ಬಿಸಿಗೆ ಬರುವವರೆಗೆ ಕಾಯಬೇಕು. ಇಲ್ಲಿಂದ ಪವರ್ ಬ್ಯಾಂಕ್ ಒಯ್ಯುವವರು ಅದನ್ನು ವಿಮಾನದಲ್ಲಿ ಕೈಚೀಲದಲ್ಲೇ ಇಟ್ಟುಕೊಳ್ಳಬೇಕು.

ಖರೀದಿಗೆ ಒಳ್ಳೆಯ ಕಾಲ ಎರಡು: ನವೆಂಬರ್ ಕೊನೆಯ ಬ್ಲ್ಯಾಕ್ ಫ್ರೈಡೇ ಎಂಬ ರಿಯಾಯಿತಿ ಮಾರಾಟ ಮತ್ತು ಜನವರಿಯಲ್ಲಿ ಅಂಗಡಿಗಳು ಚಳಿಗಾಲದ ದಾಸ್ತಾನು ಖಾಲಿ ಮಾಡುವ ಹೊತ್ತು. ಶೂ, ದೀಪಗಳಿಗೆ ಕಾಯಬೇಡಿ. ಜಾಕೆಟ್ಟಿಗೆ, ವಾಚಿಗೆ ಕಾಯಬಹುದು. ಜರ್ಮನಿಯಲ್ಲಿ ಆಲ್ಡಿ, ಲಿಡ್ಲ್‌ನಂತಹ ದಿನಸಿ ಮಳಿಗೆಗಳಲ್ಲೇ ಚಳಿಗಾಲದ ಓಟದ ಬಟ್ಟೆಗಳು ಅಗ್ಗಕ್ಕೆ ಬರುತ್ತವೆ, ವಿದ್ಯಾರ್ಥಿಗಳಿಗೆ ಅವು ಧಾರಾಳ ಸಾಕು. ಯುರೋಪಿಯನ್ ಒಕ್ಕೂಟದಲ್ಲಿ ಆನ್‌ಲೈನ್‌ನಲ್ಲಿ ಕೊಂಡ ವಸ್ತುವನ್ನು ಕೈಗೆ ಬಂದ 14 ದಿನಗಳೊಳಗೆ ಕಾರಣ ಹೇಳದೆಯೇ ಹಿಂದಿರುಗಿಸುವ ಹಕ್ಕಿದೆ; ಅಂಗಡಿಗೆ ಹೋಗಿ ಕೊಂಡದ್ದಕ್ಕೆ ಈ ಹಕ್ಕು ಅನ್ವಯಿಸುವುದಿಲ್ಲ, ಕೆನಡಾದಲ್ಲಿ ಬಹುಮಟ್ಟಿಗೆ ಅಂಗಡಿಯ ನಿಯಮವನ್ನೇ ನೋಡಬೇಕು. ಶೂಗಳನ್ನು ಮನೆಯೊಳಗೆ ತೊಟ್ಟು ನೋಡಿ, ಸರಿಯೆನಿಸುವವರೆಗೆ ಬೀದಿಗೆ ಇಳಿಸಬೇಡಿ. ವಾಚನ್ನು ಊರಿಗೆ ಮರಳಿದ ಮೇಲೂ ಬಳಸುವ ಯೋಚನೆಯಿದ್ದರೆ ಅದರ ವಾರಂಟಿ ಭಾರತದಲ್ಲೂ ನಡೆಯುತ್ತದೆಯೇ ಎಂದು ಹಣ ಕೊಡುವ ಮೊದಲೇ ಕೇಳಿಕೊಳ್ಳಿ.

ಒದ್ದೆ ಶೂಗಳನ್ನು ಹೀಟರ್ ಮೇಲೆ ಇಟ್ಟರೆ ಅಂಟು ಬಿಡುತ್ತದೆ. ಒಳಗೆ ಸುದ್ದಿಪತ್ರಿಕೆಯ ಕಾಗದ ತುರುಕಿ ಕೋಣೆಯಲ್ಲೇ ಒಣಗಿಸಬೇಕು. ಓಟದ ಬಟ್ಟೆಗಳಿಗೆ ಫ್ಯಾಬ್ರಿಕ್ ಕಂಡಿಷನರ್ ಹಾಕಬಾರದು. ಊರಿಗೆ ಮರಳುವಾಗ ಜಾಕೆಟ್, ಕೈಗವಸು, ಮೊಳೆಪಟ್ಟಿಗಳನ್ನು ಹೊತ್ತು ತರುವ ಬದಲು, ಹೊಸದಾಗಿ ಬಂದಿರುವ ನಮ್ಮ ಕಡೆಯ ಹುಡುಗ ಹುಡುಗಿಯರಿಗೆ ಕೊಟ್ಟು ಬನ್ನಿ. ವಾಚನ್ನೂ ಕೊಡುವುದಾದರೆ, ಮೊದಲು ಅದನ್ನು ನಿಮ್ಮ ಖಾತೆಯಿಂದ ಬಿಡಿಸಿ, ಒಳಗಿರುವ ಮಾಹಿತಿಯನ್ನು ಪೂರ್ತಿ ಅಳಿಸಿ ಕೊಡಿ; ನೀವು ದಿನವೂ ಓಡಿದ ದಾರಿ ಮತ್ತು ಮನೆಯ ಜಾಗ ಅದರಲ್ಲಿ ದಾಖಲಾಗಿರುತ್ತವೆ.