ಕಡಿಮಿ ರೊಕ್ಕದಾಗ ಕಂಪ್ಯೂಟರ್‌ಗೆ ಕರೆಂಟ್ ಬ್ಯಾಕಪ್: ಮೊದಲು ಹೊರೆ ಇಳಿಸ್ರಿ

ಎಸ್ಸೆಸ್ಸೆಲ್ಸಿ, ಪಿಯುಸಿ ಮುಗಿಸಿದ ಮಕ್ಕಳು ಅರ್ಜಿ ಹಾಕೋ ಹೊತ್ತು, ಮಳಿಗಾಲಕ್ಕ ಮೊದಲಿನ ಗಾಳಿ ಬೀಸೋ ಹೊತ್ತು, ಕಲಬುರಗಿದಾಗ ಎರಡೂ ಒಂದೇ. ನಾನು ಬ್ರಹ್ಮಪುರದಾಗ ಮನ್ಯಾಗೇ ಕುಂತು ಟೈಪಿಂಗ್, ಆನ್‌ಲೈನ್ ಅರ್ಜಿ ತುಂಬೋ ಕೆಲಸ ಮಾಡಾಕಿ. ಓಟಿಪಿ ಬಂದ ಗಳಿಗ್ಯಾಗ ಕರೆಂಟ್ ಹೋದ್ರ ಫಾರ್ಮ್ ಮತ್ತ ಮೊದಲಿಂದ. ಕಡೀ ದಿನ ಆಗಿದ್ರ ಒಂದು ಹುಡುಗಿಯ ಸೀಟೇ ಕೈ ತಪ್ಪೀತು. ಹಂಗಾಗಿ ಇದನ್ನ ನಾನು ಹಗುರ ತಗೊಳ್ಳಂಗಿಲ್ಲ.

ಬ್ಯಾಟರಿ ಅಂಗಡಿಗೆ ಹೋಗೋದು ಆಮ್ಯಾಲಿನ ಮಾತು. ನಿಮ್ಮ ಕಂಪ್ಯೂಟರ್ ಎಷ್ಟು ವ್ಯಾಟ್ ಎಳೀತದ ಅಂತ ಮೊದಲು ತಿಳ್ಕೋರಿ. ಇದಕ್ಕ ಯಾವ ಯಂತ್ರಾನೂ ಬ್ಯಾಡ, ಮನಿ ಮೀಟರ್ ಸಾಕು. ಡಿಜಿಟಲ್ ಮೀಟರ್‌ದಾಗ ಸಣ್ಣ ಕೆಂಪು ದೀಪ ಮಿಣುಕ್ತಿರ್ತದ. ಒಂದು ಯೂನಿಟ್‌ಗೆ ಅದು ಎಷ್ಟು ಸಲ ಮಿಣುಕ್ತದ ಅಂತ ಅದರ ಮ್ಯಾಲೇ ಬರೆದಿರ್ತದ. 3200 ಅಂತ ಇದ್ರ ಹಿಂಗ ಮಾಡ್ರಿ: ಫ್ರಿಜ್, ಫ್ಯಾನ್, ಲೈಟ್ ಎಲ್ಲಾ ಬಂದ್ ಮಾಡಿ ಬರೇ ಕಂಪ್ಯೂಟರ್ ಹಚ್ಚಿ, ಹತ್ತು ಮಿಣುಕಿಗೆ ಎಷ್ಟು ಸೆಕೆಂಡ್ ಹಿಡೀತದ ಮೊಬೈಲ್‌ದಾಗ ನೋಡ್ರಿ. ಅದನ್ನ ಹತ್ತರಿಂದ ಭಾಗಿಸಿದ್ರ ಒಂದು ಮಿಣುಕಿನ ವ್ಯಾಳ್ಯಾ ಸಿಗ್ತದ. 1125ನ್ನ ಆ ಸೆಕೆಂಡಿನಿಂದ ಭಾಗಿಸ್ರಿ, ಬಂದದ್ದೇ ವ್ಯಾಟ್. ನಿಮ್ಮ ಮೀಟರ್ 1600ರದ್ದಾದ್ರ 1125ರ ಬದಲಿಗೆ 2250 ಹಿಡೀರಿ.

ನಂದು ಮೊದಲು 14 ಸೆಕೆಂಡಿಗೆ ಒಂದು ಸಲ ಮಿಣುಕ್ತಿತ್ತು, ಅಂದ್ರ 80 ವ್ಯಾಟ್. ಟೈಪಿಂಗ್ ಕೆಲಸಕ್ಕ ಬೇಕಿಲ್ಲದ ಹಳೇ ಗ್ರಾಫಿಕ್ಸ್ ಕಾರ್ಡ್ ತೆಗೆಸಿದೆ, ಹಾರ್ಡ್ ಡಿಸ್ಕ್ ಜಾಗಾಕ್ಕ ಕಡಿಮಿ ಕರೆಂಟ್ ತಿನ್ನೋ ಎಸ್‌ಎಸ್‌ಡಿ ಹಾಕಿಸಿದೆ, ಮಾನಿಟರ್ ಬೆಳಕು ಅರ್ಧಕ್ಕ ಇಳಿಸಿದೆ. ಈಗ 20 ಸೆಕೆಂಡಿಗೊಮ್ಮೆ, ಅಂದ್ರ 56 ವ್ಯಾಟ್. ಹಿಂಗ ಇಳಿಸಿದ ಒಂದೊಂದು ವ್ಯಾಟೂ ಬ್ಯಾಟರಿ ರೊಕ್ಕದಾಗ ಉಳಿತಾಯ.

ಅರ್ಧ ತಾಸು ಸಿಕ್ರ ಸಾಕು ಅನ್ನೋರು ಹಳೇ ಯುಪಿಎಸ್ (ಕರೆಂಟ್ ಹೋದ್ರ ಬ್ಯಾಟರಿಯಿಂದ ಕಂಪ್ಯೂಟರ್ ಓಡಿಸೋ ಪೆಟ್ಟಿಗಿ) ಹುಡುಕ್ರಿ. ಎಷ್ಟೋ ಮನಿ, ಆಫೀಸ್‌ದಾಗ 600 ವಿಎ (ತಾಕತ್ತಿನ ಅಳತಿ) ಯುಪಿಎಸ್ ಕೆಟ್ಟದ ಅಂತ ಮೂಲ್ಯಾಗ ಬಿದ್ದಿರ್ತದ. ಭಾಳ ಸಲ ಕೆಟ್ಟಿರೋದು ಒಳಗಿನ 12 ವೋಲ್ಟ್, 7 ಎಎಚ್ (ಎಷ್ಟು ಕರೆಂಟ್ ತುಂಬಿಕೊಳ್ತದ ಅನ್ನೋ ಅಳತಿ) ಬ್ಯಾಟರಿ ಅಷ್ಟೇ. ಪ್ಲಗ್ ಕಿತ್ತಿ, ಸ್ವಿಚ್ ಬಂದ್ ಮಾಡಿ, ಜರಾ ಹೊತ್ತು ಬಿಟ್ಟು ಸ್ಕ್ರೂ ಬಿಚ್ರಿ. ತೆಗೆಯೋವಾಗ ಕರೀ ವೈರ್ ಮೊದಲು, ಹಾಕೋವಾಗ ಕೆಂಪು ವೈರ್ ಮೊದಲು. ಹೊಸಾ ಬ್ಯಾಟರಿ ಕೊಳ್ಳೋವಾಗ ತಯಾರಾದ ತಿಂಗಳು ನೋಡ್ರಿ, ವರ್ಷಗಟ್ಟಲೆ ಅಂಗಡ್ಯಾಗ ಕುಂತದ್ದು ಬ್ಯಾಡ. ಹಳೇದನ್ನ ಕಸಕ್ಕ ಎಸೀಬ್ಯಾಡ್ರಿ, ಅದರಾಗ ಸೀಸ ಅದ. ಅದೇ ಅಂಗಡ್ಯಾಗ ಕೊಟ್ರ ಬೆಲಿದಾಗ ಒಂದಿಷ್ಟು ಮುರಕೋತಾರ. 56 ವ್ಯಾಟ್ ಹೊರೆಗೆ ಹೊಸಾ ಬ್ಯಾಟರಿ ಸುಮಾರು ಅರ್ಧ ತಾಸು ಎಳೀತದ. ಲೇಸರ್ ಪ್ರಿಂಟರ್ ಮಾತ್ರ ಯುಪಿಎಸ್‌ಗೆ ಹಚ್ಚಲೇಬ್ಯಾಡ್ರಿ. ಕಾಗದ ಕಾಯಿಸೋ ಹೊತ್ತಿಗೆ ಅದು ನೂರಾರು ವ್ಯಾಟ್ ಒಮ್ಮೆಲೇ ಎಳೀತದ, ಯುಪಿಎಸ್ ಕೈ ಎತ್ತಿಬಿಡ್ತದ.

ಆ ಸಣ್ಣ ಯುಪಿಎಸ್‌ಗೇ ಹೊರಗಿಂದ ಕಾರಿನ ದೊಡ್ಡ ಬ್ಯಾಟರಿ ಜೋಡಿಸಿ ಮೂರು ತಾಸು ಓಡಿಸೋರೂ ಅದಾರ. ನಾ ಬ್ಯಾಡ ಅಂತೀನಿ. ಅದರ ಟ್ರಾನ್ಸ್‌ಫಾರ್ಮರ್ ಜರಾ ಹೊತ್ತಿನ ಕೆಲಸಕ್ಕ ಮಾಡಿದ್ದು, ತಾಸುಗಟ್ಟಲೆ ಓಡಿದ್ರ ಸುಡ್ತದ. ಒಳಗಿನ ಚಾರ್ಜರ್ ಕೊಡೋದು ಒಂದು ಆಂಪಿಯರ್ ಆಸುಪಾಸು. 35 ಎಎಚ್ ಬ್ಯಾಟರಿ ತುಂಬಾಕ ಒಂದೂವರೆ ದಿನಕ್ಕಿಂತ ಹೆಚ್ಚು ಬೇಕು. ಅಷ್ಟರಾಗ ಮತ್ತ ಕರೆಂಟ್ ಹೋಗಿರ್ತದ. ಮ್ಯಾಲಾಗಿ ಗಾಡಿ ಬ್ಯಾಟರಿ ಗಾಡಿ ಚಾಲೂ ಮಾಡಾಕ ಇರೋದು. ದಿನಾ ಖಾಲಿ ಮಾಡಿದ್ರ ಲಗೂನೇ ಸಾಯ್ತದ.

ಎರಡು ಮೂರು ತಾಸು ಬೇಕಾದ್ರ ಮನಿ ಇನ್ವರ್ಟರ್ರೇ ದಾರಿ. ಇನ್ವರ್ಟರ್ ಸೆಕೆಂಡ್ ಹ್ಯಾಂಡ್ ಇರ್ಲಿ, ಬ್ಯಾಟರಿ ಹೊಸದಿರ್ಲಿ. ರೊಕ್ಕ ಉಳಿಸಾಕ ಅದಕ್ಕ ಸಣ್ಣ ಬ್ಯಾಟರಿ ಹಚ್ಚಬ್ಯಾಡ್ರಿ. ಅದು ಹತ್ತು ಆಂಪಿಯರ್‌ಗಿಂತ ಹೆಚ್ಚು ಚಾರ್ಜ್ ಕೊಡ್ತದ, ಸಣ್ಣದು ಕಾದು ಉಬ್ಬತದ. 100 ಎಎಚ್‌ಗಿಂತ ಕೆಳಗ ಇಳೀಬ್ಯಾಡ್ರಿ. ಬ್ಯಾಟರಿಯ ಕೆಂಪು ವೈರ್‌ಗೆ, ಬ್ಯಾಟರಿ ಹತ್ರಾನೇ, ಇನ್ವರ್ಟರ್ ತಾಕತ್ತಿಗೆ ತಕ್ಕ ಫ್ಯೂಜ್ ಇರಲೇಬೇಕು.

ಇನ್ವರ್ಟರ್ ಇದ್ದೂ ಕಂಪ್ಯೂಟರ್ ರೀಸ್ಟಾರ್ಟ್ ಆಗ್ತದ ಅಂತ ಭಾಳ ಮಂದಿ ಬ್ಯಾರೆ ಯುಪಿಎಸ್ ಕೊಳ್ತಾರ. ಮೊದಲು ಇನ್ವರ್ಟರ್ ಹಿಂದ ನೋಡ್ರಿ. ಭಾಳಷ್ಟರಾಗ ‘ಯುಪಿಎಸ್’, ‘ನಾರ್ಮಲ್’ ಅಂತ ಸಣ್ಣ ಸ್ವಿಚ್ ಇರ್ತದ. ಯುಪಿಎಸ್ ಕಡೆ ಸರಿಸಿದ್ರ ಲೈನಿಂದ ಬ್ಯಾಟರಿಗೆ ಬದಲಾಗೋ ವ್ಯಾಳ್ಯಾ ಕಡಿಮಿ ಆಗ್ತದ, ಕಂಪ್ಯೂಟರ್ ಬಂದಾಗಂಗಿಲ್ಲ. ಖರ್ಚು ಏನೂ ಇಲ್ಲ.

ಎರಡೂ ಕಡೆ ಪ್ಲಗ್ ಇರೋ ವೈರ್ ಮಾಡಿ ಇನ್ವರ್ಟರ್ ಕರೆಂಟನ್ನ ಗೋಡಿ ಸಾಕೆಟ್‌ಗೆ ಕೊಡೋದು ಮಾತ್ರ ಯಾರೂ, ಎಂದೂ ಮಾಡಬಾರದು. ಆ ಕರೆಂಟ್ ಹಿಂದಕ್ಕ ಲೈನಿಗೆ ಹೋಗ್ತದ. ಕಂಬದ ಮ್ಯಾಲೆ ನಿಮ್ಮ ಲೈನೇ ರಿಪೇರಿ ಮಾಡ್ತಿರೋ ಲೈನ್‌ಮನ್ ಅಣ್ಣನ ಜೀವ ಹೋಗ್ತದ. ಆ ಪ್ಲಗ್ ಮುಟ್ಟಿದ ನಿಮ್ಮ ಮನಿ ಕೂಸಿಗೂ ಅದೇ ಗತಿ.

ಇನ್ನ ನಮ್ಮ ಬಿಸಲು. ಸೀಸದ ಬ್ಯಾಟರಿ 25 ಡಿಗ್ರಿ ಹಿಡಿದು ಮಾಡಿದ್ದು. ಅದರ ಮ್ಯಾಲೆ ಹತ್ತು ಡಿಗ್ರಿ ಏರಿದ್ರ ಆಯುಷ್ಯ ಹೆಚ್ಚೂಕಡಿಮಿ ಅರ್ಧ ಆಗ್ತದ. ಇಲ್ಲಿ ಮೇ ತಿಂಗಳದಾಗ 40 ದಾಟೋದು ಮಾಮೂಲು. ಅದಕ್ಕ ಅಟ್ಟದ ಮ್ಯಾಲೆ, ತಗಡಿನ ಕೆಳಗ, ಪಡುವಣ ಗೋಡಿಗೆ ಒತ್ತಿ ಬ್ಯಾಟರಿ ಇಡಬ್ಯಾಡ್ರಿ. ನಾನು ಇಟ್ಟಿರೋದು ನಡುಮನ್ಯಾಗ, ಶಹಾಬಾದ್ ಕಲ್ಲಿನ ನೆಲದ ಮ್ಯಾಲೆ, ಸುತ್ತ ಗಾಳಿ ಆಡೋ ಹಂಗ. ಅಲ್ಲಿ ಮಧ್ಯಾಹ್ನಾನೂ ಕಲ್ಲು ತಂಪಿರ್ತದ. ಚಾರ್ಜ್ ಆಗೋವಾಗ ಬೆಂಕಿ ಹತ್ತೋ ಅನಿಲ ಬರ್ತದ, ಪೆಟ್ಟಿಗ್ಯಾಗ ಮುಚ್ಚಬ್ಯಾಡ್ರಿ, ಹತ್ರ ದೀಪ ಹಚ್ಚಬ್ಯಾಡ್ರಿ. ಟ್ಯೂಬುಲರ್ (ನೀರು ಹಾಕೋ ಇನ್ವರ್ಟರ್ ಬ್ಯಾಟರಿ) ಆದ್ರ ಬ್ಯಾಸಗ್ಯಾಗ ತಿಂಗಳಿಗೊಮ್ಮೆ ನೀರಿನ ಮಟ್ಟ ನೋಡಿ ಡಿಸ್ಟಿಲ್ಡ್ ವಾಟರ್ ಹಾಕ್ರಿ. ಬೋರ್‌ವೆಲ್ ನೀರು ನಡಿಯಂಗಿಲ್ಲ.

ವೈಫೈ ರೌಟರ್‌ಗೆ ಹತ್ತು ವ್ಯಾಟ್ ಒಳಗೇ ಸಾಕು. ಅದರ ಅಡಾಪ್ಟರ್ ಮ್ಯಾಲೆ 9 ವೋಲ್ಟ್ ಅದನೋ 12 ಅದನೋ ಓದ್ಕೊಂಡು, ಅಷ್ಟೇ ವೋಲ್ಟಿನ ಮಿನಿ ಯುಪಿಎಸ್ ತಗೋರಿ. ಓಣಿಯ ಇಂಟರ್ನೆಟ್ ಪೆಟ್ಟಿಗೆಗೇ ಕರೆಂಟ್ ಇಲ್ಲದಿದ್ರ ಮೊಬೈಲ್ ಹಾಟ್‌ಸ್ಪಾಟ್ ಇದ್ದೇ ಅದ.

ಎಲ್ಲಾ ಜೋಡಿಸಿದ ಮ್ಯಾಲೆ, ಕೆಲಸ ಇಲ್ಲದ ಒಂದು ದಿನ ಫೈಲ್ ಎಲ್ಲಾ ಸೇವ್ ಮಾಡಿ ಗೋಡಿ ಸ್ವಿಚ್ ಬಂದ್ ಮಾಡ್ರಿ. ಬೀಪ್ ಜೋರಾಗೋತನಕ ಎಷ್ಟು ನಿಮಿಷ ಬಂತು, ಯುಪಿಎಸ್ ಮ್ಯಾಲೇ ಚೀಟಿ ಅಂಟಿಸಿ ಬರೀರಿ. ಮೂರು ತಿಂಗಳಿಗೊಮ್ಮೆ ಮತ್ತ ನೋಡ್ರಿ. ನಿಮಿಷ ಅರ್ಧಕ್ಕ ಇಳಿದ್ರ ಅರ್ಜಿ ಹಂಗಾಮು ಶುರುವಾಗೋ ಮೊದಲೇ ಬ್ಯಾಟರಿ ಬದಲಿಸ್ರಿ.