650 ವ್ಯಾಟ್ ಎಸ್‌ಎಂಪಿಎಸ್‌ನಲ್ಲೇ 3080 ಓಡಿಸಿದ್ದು

ಎಲ್ಲ ಸರಿಮಾಡಿ ಎಂಟು ತಿಂಗಳಾಯಿತು, ಗೇಮ್ ನಡುವೆ ಕಂಪ್ಯೂಟರ್ ಒಂದು ಸಲವೂ ಆಫ್ ಆಗಿಲ್ಲ. ಆರ್‌ಟಿಎಕ್ಸ್ 3080 ಗ್ರಾಫಿಕ್ಸ್ ಕಾರ್ಡ್‌ಗೆ ಅದನ್ನು ಮಾಡಿದ ಎನ್ವಿಡಿಯಾದವರೇ 750 ವ್ಯಾಟ್ ಎಸ್‌ಎಂಪಿಎಸ್ (ಕಂಪ್ಯೂಟರ್‌ಗೆ ಕರೆಂಟ್ ಕೊಡುವ ಡಬ್ಬಿ) ಬೇಕು ಅಂತಾರೆ, ನಿನ್ನ 650 ತಡೆಯಲ್ಲ ಅಂತ ಗೆಳೆಯರೆಲ್ಲ ಹೇಳಿದ್ದರು. ಹೊಸದಕ್ಕೆ ಒಂಬತ್ತು ಸಾವಿರ ಹಾಕಲು ನನಗೆ ಮನಸ್ಸಿರಲಿಲ್ಲ.

ಕಾರ್ಡ್ ಸೆಕೆಂಡ್‌ಹ್ಯಾಂಡ್. ಇಂಥ ಕಾರ್ಡ್‌ಗಳಲ್ಲಿ ನಡೆಯುತ್ತಿದ್ದ ಈಥೀರಿಯಂ ಕ್ರಿಪ್ಟೋ ಮೈನಿಂಗ್ 2022ರಲ್ಲಿ ನಿಂತ ಮೇಲೆ ಮಾರುಕಟ್ಟೆಗೆ ಬಂದ ಮಾಲು, 28 ಸಾವಿರದ ಆಸುಪಾಸಿಗೆ ಸಿಕ್ಕಿತು. ಮೊದಲ ದಿನ ಒಂದೇ ಕೇಬಲ್‌ನಲ್ಲಿದ್ದ ಎರಡೂ 6+2 ಪಿನ್ ಪವರ್ ಪ್ಲಗ್ ಕಾರ್ಡ್‌ಗೆ ಹಾಕಿಬಿಟ್ಟೆ. ಹತ್ತೇ ನಿಮಿಷಕ್ಕೆ ಮೆಷಿನ್ ಆಫ್. ಎಸ್‌ಎಂಪಿಎಸ್ ಕಡೆಯ ಪ್ಲಗ್ ಮುಟ್ಟಿದರೆ ಟೀ ಲೋಟದಷ್ಟು ಬಿಸಿ. ಕಾರ್ಡ್ ಎಳೆಯೋದು 320 ವ್ಯಾಟ್, ಮದರ್‌ಬೋರ್ಡ್‌ನ ಸ್ಲಾಟ್ ಕೊಡೋದು ಹೆಚ್ಚೆಂದರೆ 75. ಉಳಿದ 245 ವ್ಯಾಟ್, ಅಂದರೆ 12 ವೋಲ್ಟ್‌ನಲ್ಲಿ ಸುಮಾರು 20 ಆಂಪಿಯರ್, ಪೂರ್ತಿ ಆ ಒಂದೇ ಪ್ಲಗ್‌ನ ಮೇಲೆ.

ಎರಡನೇ ಕೇಬಲ್ ಮನೆ ಬದಲಿಸುವಾಗ ಕಳೆದಿತ್ತು. ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ 350 ರೂಪಾಯಿಗೆ ಒಂದು ತಂದೆ. "ಎಲ್ಲಾದಕ್ಕೂ ಆಗುತ್ತೆ ಸರ್" ಅಂದರು ಅಂಗಡಿಯವರು. ಟಕ್ ಅಂತ ಕೂತಿತು ಕೂಡ. ಕಾರ್ಡ್‌ಗೆ ಹಾಕುವ ಮೊದಲು ಎಸ್‌ಎಂಪಿಎಸ್‌ನ ದೊಡ್ಡ ಮದರ್‌ಬೋರ್ಡ್ ಪ್ಲಗ್‌ನ ಹಸಿರು ವೈರನ್ನು ಕಪ್ಪು ವೈರಿಗೆ ಸೇರಿಸಿ ಆನ್ ಮಾಡಿ ಮಲ್ಟಿಮೀಟರ್ ಇಟ್ಟೆ. ಕಾರ್ಡ್‌ಗೆ ಹೋಗುವ ಪ್ಲಗ್‌ನಲ್ಲಿ ಲಾಕ್ ಇರುವ ಬದಿಯ ನಾಲ್ಕೂ ಪಿನ್ ಗ್ರೌಂಡ್ (ಸೊನ್ನೆ ವೋಲ್ಟ್) ಇರಬೇಕು. ಅಲ್ಲಿ 12 ವೋಲ್ಟ್ ತೋರಿಸಿತು! ಕೈ ನಡುಗಿತು. 28 ಸಾವಿರ ಹೋಗುತ್ತಿತ್ತು. ಮಾಡ್ಯುಲರ್ (ಕೇಬಲ್ ಬಿಚ್ಚಿ ಹಾಕಬಹುದಾದ) ಎಸ್‌ಎಂಪಿಎಸ್ ಕಡೆಯ ವೈರಿಂಗ್ ಒಂದೊಂದು ಕಂಪನಿಯದು ಒಂದೊಂದು ಥರ, ದಯವಿಟ್ಟು ಅದಲು ಬದಲು ಮಾಡಬೇಡಿ. ಅದೇ ಕಂಪನಿಯ ಕೇಬಲ್ ತರಿಸಲು 900ರಷ್ಟು ಖರ್ಚು, ಮೂರು ವಾರ ಕಾಯಬೇಕಾಯಿತು. ಹಾರ್ಡ್‌ಡಿಸ್ಕ್‌ಗೆ ಕರೆಂಟ್ ಕೊಡುವ ಸಾಟಾ ಪ್ಲಗ್‌ನಿಂದ ಎಳೆಯುವ ಅಡಾಪ್ಟರ್ ಆಸೆಯೂ ಬೇಡ. ಸಾಟಾ ಪ್ಲಗ್ 12 ವೋಲ್ಟ್‌ನಲ್ಲಿ ತಡೆಯೋದು 54 ವ್ಯಾಟ್ ಮಾತ್ರ.

ಬೇರೆ ಬೇರೆ ಕೇಬಲ್ ಹಾಕಿದ ಮೇಲೆ ಬಿಸಿ ಹೋಯಿತು, ಆದರೂ ವಾರಕ್ಕೊಮ್ಮೆ ಆಫ್ ಆಗುತ್ತಿತ್ತು. ಕ್ಷಣಮಾತ್ರ ಕಾರ್ಡ್ ಎಗರಿ ಎಳೆಯುವ ಕರೆಂಟಿಗೆ ಎಸ್‌ಎಂಪಿಎಸ್ ಟ್ರಿಪ್ ಆಗುತ್ತದೆ. ಕಾರ್ಡ್ ಎಳೆಯಬಹುದಾದ ವ್ಯಾಟ್‌ನ ಮಿತಿ (ಪವರ್ ಲಿಮಿಟ್) ಇಳಿಸಿದೆ, ನನಗೆ ಸಾಲಲಿಲ್ಲ. ಅಂಡರ್‌ವೋಲ್ಟ್ ಮಾಡಿದೆ, ಅಂದರೆ ಚಿಪ್‌ಗೆ ಹೋಗುವ ವೋಲ್ಟೇಜನ್ನೇ ಇಳಿಸಿದೆ: 850 ಮಿಲಿವೋಲ್ಟ್ ಹತ್ತಿರ ನಿಲ್ಲಿಸಿದಾಗ 320 ವ್ಯಾಟ್ ಇದ್ದದ್ದು 230ಕ್ಕೆ ಇಳಿಯಿತು, ಗೇಮ್‌ನಲ್ಲಿ ಸೆಕೆಂಡಿಗೆ ಹೋದ ಫ್ರೇಮ್ ನಾಲ್ಕೈದು. ಎಷ್ಟು ವೋಲ್ಟೇಜಿಗೆ ಎಷ್ಟು ವೇಗ ಅಂತ ತೋರಿಸುವ ಕರ್ವ್‌ನ ಉಳಿದ ಬಿಂದುಗಳು ನನ್ನಲ್ಲೇ ಇರಲಿ, ಎರಡು ಭಾನುವಾರ ಕೂತು ಹುಡುಕಿದ್ದು.

ಇದರಿಂದ ಇನ್ನೊಂದು ಲಾಭವೂ ಆಯಿತು. ಇಡೀ ಮೆಷಿನ್ ಎಳೆಯೋದು ಗೋಡೆಯ ಪ್ಲಗ್‌ನ ಮೀಟರ್‌ನಲ್ಲಿ 450 ವ್ಯಾಟ್ ತೋರಿಸುತ್ತಿದ್ದದ್ದು ಈಗ 340. ನನ್ನ 600 ವಿಎ ಯುಪಿಎಸ್ ತಡೆಯೋದು 360 ವ್ಯಾಟ್. ಮೊದಲು ಕರೆಂಟ್ ಹೋದ ತಕ್ಷಣ ಕೂಗಿ ಸತ್ತುಹೋಗುತ್ತಿತ್ತು. ಈಗ ಸೇವ್ ಮಾಡಿ ಶಟ್‌ಡೌನ್ ಕೊಡುವಷ್ಟು ಹೊತ್ತು ನಿಲ್ಲುತ್ತದೆ.